ಕೆಂಪು ಪಲ್ಲಟವೂ ಶರಣರ ಬಯಲೂ



ವಿಜ್ಞಾನವು ಇಂದು ಕಂಡುದನ್ನೆಲ್ಲ ನಮ್ಮ ಶರಣರು ಅಂದೇ ಹೇಳಿದ್ದರೆಂಬ ಮಾತು ವೇದಿಕೆಗಳ ಮೇಲೆ ಆಗಾಗ ಕೇಳಿಬರುತ್ತದೆ. ವಿಶ್ವವು ಮಹಾಸ್ಫೋಟದಿಂದ ಹುಟ್ಟಿತೆಂಬುದು ‘ಬಯಲು’ ತತ್ತ್ವದ ಸಮರ್ಥನೆಯೆಂದು ಸಾರಿ ಚಪ್ಪಾಳೆ ಪಡೆಯುವವರೂ ಉಂಟು. ಇದು ಭಕ್ತಿಯೋ, ಭಕ್ತಿಯ ವೇಷ ತೊಟ್ಟ ಅವಸರವೋ ಎಂಬುದನ್ನು ತಾವು ಸಾವಧಾನದಿಂದ ವಿಚಾರಿಸಬೇಕು.

ಮೊದಲು, ಕಂಡದ್ದೇನು? ದೂರದ ಗ್ಯಾಲಕ್ಸಿಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ದೊರೆಯುವ ರೋಹಿತದಲ್ಲಿ, ಕ್ಯಾಲ್ಸಿಯಂ ಮುಂತಾದ ಧಾತುಗಳ ಗುರುತಿನ ಗೆರೆಗಳು ತಮ್ಮ ನೆಲೆಯಲ್ಲಿರದೆ ಕೆಂಪಿನ ಕಡೆಗೆ ಸರಿದಿರುತ್ತವೆ. ಅಮೆರಿಕದ ವೆಸ್ಟೊ ಸ್ಲೈಫರ್ 1912ರಿಂದ ಇಂಥ ಪಲ್ಲಟಗಳನ್ನು ಅಳೆಯತೊಡಗಿದರು. (ಅವರು ಮೊದಲು ಅಳೆದ ಆಂಡ್ರೊಮಿಡಾ ಮಾತ್ರ ನಮ್ಮತ್ತಲೇ ಬರುತ್ತಿತ್ತೆಂಬುದೊಂದು ಸೋಜಿಗ.) ಗ್ಯಾಲಕ್ಸಿ ದೂರವಿದ್ದಷ್ಟೂ ಪಲ್ಲಟ ಹೆಚ್ಚೆಂದು ಎಡ್ವಿನ್ ಹಬಲ್ 1929ರಲ್ಲಿ ತೋರಿಸಿದರು.

ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಗೆರೆ ಸರಿದದ್ದು ಪ್ರತ್ಯಕ್ಷ. ವಿಶ್ವ ಹಿಗ್ಗುತ್ತಿದೆಯೆಂಬುದು ಅನುಮಾನ. ಹೊಗೆಯಿಂದ ಬೆಂಕಿಯನ್ನು ಊಹಿಸುವವನು, ಅದು ಹೊಗೆಯೋ ಮಂಜೋ ಎಂದು ಮೊದಲು ನೋಡಬೇಕಷ್ಟೆ. ಅದೇ ವರ್ಷ ಫ್ರಿಟ್ಸ್ ಜ್ವಿಕಿ ಬೇರೊಂದು ಕಾರಣವನ್ನು ಮುಂದಿಟ್ಟರು: ಬೆಳಕು ದೀರ್ಘ ಪಯಣದಲ್ಲಿ ಶಕ್ತಿ ಕಳೆದುಕೊಂಡು ದಣಿಯುತ್ತಿರಬಹುದು. ಇದನ್ನು ಯಾರೂ ನಕ್ಕು ತಳ್ಳಲಿಲ್ಲ. ಹಬಲ್ ಅವರೇ ಪಲ್ಲಟವನ್ನು ನಿಜವಾದ ವೇಗವೆಂದು ಒಪ್ಪಲು ಬಹುಕಾಲ ಹಿಂಜರಿದರು. ದಣಿವಿನ ವಾದ ಬಿದ್ದುಹೋದದ್ದು ಪರೀಕ್ಷೆಯಿಂದ. ಬೆಳಕಿನ ತರಂಗ ಒಂದೂವರೆ ಪಟ್ಟು ಉದ್ದವಾಗಿ ಬರುವಷ್ಟು ದೂರದಲ್ಲಿ ಸಿಡಿದ ಸೂಪರ್‌ನೋವಾ, 20 ದಿನಗಳಲ್ಲಿ ಮಂಕಾಗಬೇಕಾದದ್ದು 30 ದಿನ ತೆಗೆದುಕೊಳ್ಳುತ್ತದೆ. ದಣಿದ ಬೆಳಕು ಕೆಂಪಾದೀತು, ಆದರೆ ಕಾಲವನ್ನು ಹಿಗ್ಗಿಸಲಾರದು. ಆಕಾಶವೇ ಹಿಗ್ಗುತ್ತಿದ್ದರೆ ಮಾತ್ರ ಎರಡೂ ಒಟ್ಟಿಗೆ ಒದಗುತ್ತವೆ.

ಈ ಹಿಗ್ಗುವಿಕೆಯನ್ನು 1927ರಲ್ಲೇ ಗಣಿತದಿಂದ ಕಂಡಿದ್ದ ಜಾರ್ಜ್ ಲೆಮೈತ್ರ್, ಬೆಲ್ಜಿಯಂನ ಒಬ್ಬ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ 12ನೆಯ ಪಯಸ್, ವಿಶ್ವಕ್ಕೆ ಆದಿಯುಂಟೆಂಬ ವಿಜ್ಞಾನ ಸೃಷ್ಟಿಕರ್ತನಿಗೆ ಸಾಕ್ಷಿಯೆಂಬಂತೆ ಭಾಷಣ ಮಾಡಿದಾಗ ಲೆಮೈತ್ರ್‌ಗೆ ಸಂತೋಷವಾಗಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪರವೂ ಅಲ್ಲ, ವಿರೋಧವೂ ಅಲ್ಲ ಎಂಬುದು ಅವರ ನಿಲುವು. ತಮ್ಮ ಗುರುಪೀಠವೇ ಹೊಗಳಿದಾಗಲೂ ಹೀಗೆ ನಿಲ್ಲುವುದು ಸುಲಭವಲ್ಲ. ಆ ಪಾದ್ರಿಯ ಬಗೆಗೆ ನಮಗೆ ಗೌರವವಿದೆ.

ಮಹಾಸ್ಫೋಟ ಸಿದ್ಧಾಂತ ಹೇಳುವುದು, ಸುಮಾರು 1380 ಕೋಟಿ ವರ್ಷಗಳ ಹಿಂದಿನ ಅತಿ ದಟ್ಟವೂ ಅತಿ ತಪ್ತವೂ ಆದ ಸ್ಥಿತಿಯನ್ನು, ಶೂನ್ಯವನ್ನಲ್ಲ. ಶರಣರ ಬಯಲಿಗೆ ತಿಥಿಯಿಲ್ಲ, ಉಷ್ಣಾಂಶವಿಲ್ಲ. ಅದು ಅಂಗಗುಣ ಅಳಿದವನ ಅನುಭಾವ. ಅದನ್ನು ದೂರದರ್ಶಕದ ಲೆಕ್ಕಕ್ಕೆ ಬಿಗಿದವರು, ಲೆಕ್ಕ ತಿದ್ದಿದಾಗ ಏನು ಮಾಡುವರು? ತಿದ್ದುವ ಕೆಲಸವಂತೂ ನಡೆದೇ ಇದೆ. ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಹಿಗ್ಗುವ ವೇಗ ಸೆಕೆಂಡಿಗೆ ಸುಮಾರು 67 ಕಿಲೋಮೀಟರೆಂದು ಒಂದು ವಿಧಾನ ಹೇಳಿದರೆ, 73 ಎಂದು ಮತ್ತೊಂದು ಹೇಳುತ್ತದೆ. ಆ ಅಂತರದ ಕಾರಣವನ್ನು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ.