ಬರೆಯದ ಕಟ್ಟಳೆಯ ಬಲ

ಪತ್ರದಲ್ಲಿ ಬರೆದಿಡದ ಕಟ್ಟಳೆಯು ಮನುಷ್ಯನನ್ನು ಬಂಧಿಸಬಲ್ಲುದೆ? ಈ ಪ್ರಶ್ನೆಯನ್ನು ಕೆನಡಾ ದೇಶದ ನ್ಯಾಯಾಲಯಗಳೇ ಎದುರಿಸಬೇಕಾಯಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಗಿಟ್‌ಕ್ಸನ್ ಮತ್ತು ವೆಟ್‌ಸುವೆಟೆನ್ ಎಂಬ ಮೂಲನಿವಾಸಿಗಳು 1984ರಲ್ಲಿ ತಮ್ಮ ನೆಲದ ಹಕ್ಕಿಗಾಗಿ ದಾವೆ ಹೂಡಿದರು. ಅವರ ಆಧಾರವು ದಸ್ತಾವೇಜುಗಳಲ್ಲ. ಮನೆತನಗಳು ತಲೆತಲಾಂತರದಿಂದ ಕಾಯ್ದುಕೊಂಡು ಬಂದ ವೃತ್ತಾಂತಗಳು, ಹಾಡುಗಳು. ಇವಕ್ಕೆ ಸ್ವತಂತ್ರ ಸಾಕ್ಷ್ಯಬಲವಿಲ್ಲವೆಂದು 1991ರಲ್ಲಿ ವಿಚಾರಣಾ ನ್ಯಾಯಾಧೀಶರು ತೀರ್ಪಿತ್ತರು. 1997ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಒಪ್ಪದೆ, ಮೌಖಿಕ ಇತಿಹಾಸವನ್ನೂ ಲಿಖಿತ ದಾಖಲೆಗಳ ಸಮಾನವಾಗಿ ಪರಿಗಣಿಸಬೇಕೆಂದು ಹೇಳಿ, ಮರುವಿಚಾರಣೆಗೆ ಆದೇಶಿಸಿತು.

ಈ ಮಾತಿಗೆ ಬಲವೆಲ್ಲಿಯದು? ಕೇವಲ ನೆನಪಿನದಲ್ಲ. ಹಿರಿಯನೊಬ್ಬನು ಮನೆತನದ ಹೆಸರನ್ನು ಧರಿಸುವಾಗ ದೊಡ್ಡ ಔತಣವೊಂದನ್ನು ಏರ್ಪಡಿಸಿ, ತನ್ನ ನೆಲದ ವೃತ್ತಾಂತವನ್ನು ಸಭೆಯಲ್ಲಿ ಹೇಳಬೇಕು. ನೆರೆಯ ಮನೆತನಗಳ ಹಿರಿಯರು ಅದಕ್ಕೆ ಸಾಕ್ಷಿಗಳು. ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಿಸಬೇಕು. ಕಾಣಿಕೆಯನ್ನು ಸ್ವೀಕರಿಸಿದವರು ಕೇಳಿದ್ದನ್ನು ನೆನಪಿಡುವ ಹೊಣೆಯನ್ನೂ ಹೊರುತ್ತಾರೆ. ಇಂತಹ ಔತಣಗಳನ್ನು ಸರಕಾರವು 1885ರಿಂದ 1951ರವರೆಗೆ ಕಾನೂನಿನಿಂದ ನಿಷೇಧಿಸಿದ್ದರೂ ಅವು ಅಳಿಯಲಿಲ್ಲ.

ನೆನಪು ತಪ್ಪಬಹುದೆಂಬುದು ನಿಜ. ಆದರೆ ಕಾಗದವೂ ಸುಳ್ಳಾಡುತ್ತದೆ. ಅದಕ್ಕೆ ಸಭೆಯ ಮುಂದೆ ತಲೆ ತಗ್ಗಿಸುವ ನಾಚಿಕೆಯಿಲ್ಲ. ಬರೆದಿಟ್ಟವನು ನಿಶ್ಚಿಂತೆಯಿಂದ ಮರೆಯಬಹುದು. ಬರೆಯದವನಿಗೆ ಮರೆಯುವ ಸ್ವಾತಂತ್ರ್ಯವಿಲ್ಲ. ಒಂದು ತಲೆಮಾರು ಹೇಳದೆ ಹೋದರೆ ಕಟ್ಟಳೆಯೇ ಹೋಯಿತು.

ನಾಲ್ವರ ಮುಂದೆ ಕೊಟ್ಟ ಮಾತನ್ನು 'ಪತ್ರವೆಲ್ಲಿದೆ?' ಎಂದು ನಾವು ಅಲ್ಲಗಳೆದ ದಿನ, ಬಡವರಾದವರು ಯಾರೆಂಬುದನ್ನು ತಾವೇ ವಿಚಾರಿಸಿ ನೋಡಿರಿ.