ಜಾತಿ ಕೆಟ್ಟ ನಾಯಿ

ನಮ್ಮ ಮಾತಿನಲ್ಲಿ ನಾಯಿಗೂ ಜಾತಿಯಿದೆ. ದುಡ್ಡು ಕೊಟ್ಟು ತಂದದ್ದು ‘ಜಾತಿ ನಾಯಿ’. ಬೀದಿಯಲ್ಲಿ ಹುಟ್ಟಿದ್ದು ‘ಕಂತ್ರಿ’. ಈ ಕಂತ್ರಿ ಇಂಗ್ಲಿಷಿನ ‘ಕಂಟ್ರಿ’ಯಿಂದ ಬಂದ ಪದ, ಅಂದರೆ ನಾಡಿನದು. ಈ ನೆಲದಲ್ಲಿ ಹುಟ್ಟಿದ್ದನ್ನು ಈ ನೆಲದ್ದು ಎಂದು ಕರೆಯುವುದೇ ಬೈಗುಳವಾಗಿಬಿಟ್ಟ ಭಾಷೆ ನಮ್ಮದು. ಹುಟ್ಟಿನ ಮೇಲೆ ಬೆಲೆ ಕಟ್ಟುವ ವಿದ್ಯೆ ಎಲ್ಲಿಂದ ಬಂತು ಅಂತ ನಮ್ಮನ್ನು ಕೇಳಬೇಡಿ. ಕೇಳಬೇಕಾದ ವಿಳಾಸ ನಿಮಗೆ ಗೊತ್ತು.

ಆದರೆ ಈ ಜಾತಿ ನಾಯಿಯ ಜಾತಿ ಎಷ್ಟು ದಿನ ಉಳಿಯುತ್ತದೆ? ಬೆಂಗಳೂರಿನ ಅಂಚಿನ ಪ್ರಾಣಿ ಆಶ್ರಯ ಕೇಂದ್ರವೊಂದರಲ್ಲಿ ನಮ್ಮ ಕೇರಿಯ ಇಬ್ಬರು ಹುಡುಗರು ಬೋನು ತೊಳೆಯುವ ಕೆಲಸಕ್ಕಿದ್ದಾರೆ. ಅವರನ್ನು ಕಾಣಲು ಹೋದಾಗೆಲ್ಲ ಅಲ್ಲಿ ಮುದಿಯಾದ ಪಾಮೇರಿಯನ್ನುಗಳು, ಡ್ಯಾಶ್‌ಹೌಂಡುಗಳು, ಪಗ್ಗುಗಳು ಸಿಕ್ಕವು. 2003ರಲ್ಲಿ ಹಚ್ ಫೋನಿನ ಜಾಹೀರಾತಿನಲ್ಲಿ ಒಂದು ಪಗ್ ಒಬ್ಬ ಹುಡುಗನ ಹಿಂದೆ ಹಿಂದೆ ನಡೆದದ್ದೇ ತಡ, ಕಂಡಕಂಡವರಿಗೆಲ್ಲ ಪಗ್ ಬೇಕಾಯಿತು. ಆ ಚಪ್ಪಟೆ ಮೂಗಿಗೆ ನಮ್ಮ ಬಿಸಿಲಲ್ಲಿ ಉಸಿರಾಡುವುದೇ ಕಷ್ಟ ಎಂಬುದನ್ನು ಜಾಹೀರಾತು ಹೇಳಲಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ.

ಸಣ್ಣ ನಾಯಿ ಬೇಗ ಸಾಯುವುದಿಲ್ಲ, ಅದೇ ಅದರ ಕರ್ಮ. ಆಳೆತ್ತರದ ಜಾತಿಯವು 8-10 ವರ್ಷಕ್ಕೆ ಕಣ್ಣು ಮುಚ್ಚಿದರೆ ಇವು 12, 14, ಕೆಲವು 16 ವರ್ಷದ ತನಕ ಬಾಳುತ್ತವೆ. ಹತ್ತು ದಾಟುವಾಗ ವಸಡು ಕೊಳೆತು ಬಾಯಿ ನಾರುತ್ತದೆ. ಕಣ್ಣಿಗೆ ಪೊರೆ ಬರುತ್ತದೆ. ಹೃದಯದ ಕವಾಟ ಸಡಿಲಾಗಿ ರಾತ್ರಿಯೆಲ್ಲ ಕೆಮ್ಮು. ಅಷ್ಟೊತ್ತಿಗೆ, ನಾಯಿ ಬೇಕು ಅಂತ ಹಟ ಹಿಡಿದಿದ್ದ ಮಗು ಎಂಜಿನಿಯರಾಗಿ ಊರು ಬಿಟ್ಟಿರುತ್ತದೆ. ‘ಶಿಫ್ಟ್ ಆಗ್ತಿದೀವಿ’, ‘ಹೊಸ ಅಪಾರ್ಟ್‌ಮೆಂಟಲ್ಲಿ ಬಿಡಲ್ಲ’, ‘ಸೊಸೆ ಬಸುರಿ, ಕೂದಲು ಆಗಲ್ಲ’. ಮರಿ ಮಾರುವವರ ಮನೆಯ ಹೆಣ್ಣು ನಾಯಿಗಳದ್ದು ಇನ್ನೂ ಘೋರ. 8 ವರ್ಷ ದಾಟಿದ ಹೆಣ್ಣಿಂದ ಮರಿ ಹಾಕಿಸಬಾರದು, ಜೀವಮಾನದಲ್ಲಿ 5 ಸಲ ಮೀರಬಾರದು ಎಂದು 2017ರ ನಿಯಮ ಹೇಳುತ್ತದೆ. ಹೆರಿಗೆಯ ಲೆಕ್ಕ ಮುಗಿದದ್ದು ಒಂದು ರಾತ್ರಿ ಯಾವುದೋ ಗೇಟಿಗೆ ಕಟ್ಟಿರುತ್ತದೆ. ಹೊಟ್ಟೆಗಿಲ್ಲದೆ ನೀರಿಲ್ಲದೆ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇ. ಮೊದಲ ಸಲಕ್ಕೆ ಅದರಲ್ಲಿ ಬರೆದ ದಂಡ 10ರಿಂದ 50 ರೂಪಾಯಿ. ಇವತ್ತು ಬೆಂಗಳೂರಿನಲ್ಲಿ ಒಂದು ಮಸಾಲೆ ದೋಸೆಗೂ ಸಾಲದು.

ಅಲ್ಲಿಗೆ ಜಾತಿ ನಾಯಿಯ ಜಾತಿ ಕೆಟ್ಟಿತು. ಕೇಂದ್ರಕ್ಕೆ ಬರುವವರ ಮೊದಲ ಪ್ರಶ್ನೆ ‘ಮರಿ ಇದೆಯಾ?’. ಪಿಂಕಿ ಎಂಬ 11 ವರ್ಷದ ಪಾಮೇರಿಯನ್ನಿನ ಬೋನಿನ ಮುಂದೆ ಯಾರೂ ನಿಲ್ಲುವುದಿಲ್ಲ. ಬಿಳಿ ಕೂದಲು ಗೋಣಿಯ ಬಣ್ಣಕ್ಕೆ ತಿರುಗಿದೆ, ಒಂದು ಕಣ್ಣು ಪೂರ್ತಿ ಪೊರೆ. ಹೊರಗೆ ಸ್ಕೂಟರ್ ಸದ್ದಾದರೆ ಸಾಕು, ಮುಂಗಾಲೂರಿ ಎದ್ದು ಬಾಲ ಆಡಿಸುತ್ತದೆ. ಅದರ ಮನೆಯವರದ್ದು ಸ್ಕೂಟರ್ ಇತ್ತೇನೋ. ಸದ್ದು ಮುಂದೆ ಹೋದ ಮೇಲೂ ಒಂದಷ್ಟು ಹೊತ್ತು ನಿಂತೇ ಇರುತ್ತದೆ.

ಇದನ್ನೆಲ್ಲ ಬರೆಯುತ್ತೇವೆ ಅಂದಾಗ ಕೇರಿಯ ಹಿರೀಕರೊಬ್ಬರು ಉಗಿದರು. “ಓದ್ದೋರು ಕಣ್ರಲಾ ನೀವು. ಮನುಸ್ರಿಗೇ ಗತಿ ಇಲ್ಲ, ನಾಯಿ ವಿಚಾರ ಬರೀತೀರಾ?” ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಮನುವಿನ ಹತ್ತನೇ ಅಧ್ಯಾಯ ಚಂಡಾಲರನ್ನು ಊರ ಹೊರಗಿಟ್ಟು, ನಾಯಿ ಕತ್ತೆಗಳೇ ಅವರ ಆಸ್ತಿ ಎಂದು ಬರೆದುಕೊಟ್ಟಿದೆ. ‘ಶ್ವಪಚ’ ಅಂತ ಹೆಸರಿಟ್ಟದ್ದೂ ಅವರೇ. ದನಕರು ಬಾಯಿ ಹಾಕಬಹುದಾದ ಮಹಾಡಿನ ಚವದಾರ್ ಕೆರೆಯ ನೀರನ್ನು ಮುಟ್ಟುವುದಕ್ಕೆ 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಬೇಕಾಯಿತು. ನಾಯಿ ಬೆಕ್ಕುಗಳಿಗಿಂತ ಕಡೆಯಾಗಿ ನಮ್ಮನ್ನು ಕಾಣುವ ನಾಡನ್ನು ನನ್ನದೆನ್ನಲಿ ಹೇಗೆ ಎಂದು 1931ರಲ್ಲಿ ಗಾಂಧಿಯವರ ಮುಖಕ್ಕೇ ಕೇಳಿದರು. ಇವತ್ತೂ ನಸುಕಿನಲ್ಲಿ ಪೊರಕೆ ಹಿಡಿದು ಹೊರಟ ಪೌರಕಾರ್ಮಿಕ ಹೆಣ್ಣುಮಗಳನ್ನು ಬೀದಿ ನಾಯಿ ಕಚ್ಚುತ್ತದೆಯೇ ಹೊರತು ಕಾರಿನ ಗಾಜು ಏರಿಸಿಕೊಂಡವರನ್ನಲ್ಲ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಕೇಂದ್ರಗಳಿಗೆ ಹಾಕಿ ಅಂದಿತು. 22ರಂದು ಅದನ್ನೇ ತಿದ್ದಿ, ರೇಬೀಸ್ ತಗುಲಿದವು, ಮೇಲೆ ಬೀಳುವಂಥವು ಬಿಟ್ಟು ಉಳಿದವನ್ನು ಸಂತಾನಹರಣ ಮಾಡಿ ಲಸಿಕೆ ಹಾಕಿ ಹಿಡಿದಲ್ಲೇ ಬಿಡಿ ಅಂದಿತು. ಅಷ್ಟೂ ದಿನ ಟೀವಿಯಲ್ಲಿ ಕಿತ್ತಾಡಿದವರ ನಡುವೆ ಕಚ್ಚಿಸಿಕೊಂಡ ಬಡವರ ಮಕ್ಕಳು ಎಷ್ಟು ಹೊತ್ತು ಕಂಡರು?

ನಾಯಿಗೆ ಸೋಫಾ, ಮನೆಗೆಲಸದವಳಿಗೆ ಬೇರೆ ಲೋಟ. ಇಂಥ ಮನೆಗಳು ನಮಗೆ ಗೊತ್ತು. ಅಲ್ಲಿನ ಪ್ರಾಣಿದಯೆ ಕಂಡರೆ ನಮ್ಮ ಹೊಟ್ಟೆ ಉರಿಯುತ್ತದೆ. ಉರಿಯಲಿ. ಆದರೆ ಆ ಲೋಟವನ್ನು ಬೇರೆ ಇಟ್ಟದ್ದು ನಾಯಿಯಲ್ಲ.

ದಯೆಯ ಕತೆ ಬಂದಾಗೆಲ್ಲ ಧರ್ಮರಾಯನನ್ನು ಎಳೆದು ತರುತ್ತಾರೆ. ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆ ಎಂದನಂತೆ. ಒಳ್ಳೆಯದೇ. ಆದರೆ ಕತೆ ಕಟ್ಟಿದವರಿಗೆ ಅಷ್ಟರಲ್ಲಿ ಸಮಾಧಾನವಾಗಲಿಲ್ಲ, ಆ ನಾಯಿ ಕಡೆಗೆ ಯಮಧರ್ಮನೇ ಆಗಿಬಿಟ್ಟಿತು. ಬರೀ ನಾಯಿಯಾಗಿದ್ದರೆ? ಕಜ್ಜಿ ಹತ್ತಿದ, ಕಣ್ಣು ಕಾಣದ, ಯಾರ ಅವತಾರವೂ ಅಲ್ಲದ ನಾಯಿಗೆ ಸ್ವರ್ಗದ ಬಾಗಿಲು ತೆಗೆಯುತ್ತಿತ್ತೆ? ನಮ್ಮ ಪ್ರಶ್ನೆ ಇರುವುದು ಇಲ್ಲಿ. ಒಳಗೆ ದೇವರಿದ್ದಾನೆ, ಉಪಯೋಗವಿದೆ, ಅಂದವಿದೆ ಎಂದು ಜೀವಕ್ಕೆ ಮರ್ಯಾದೆ ಕೊಡುವವರು ಇವ್ಯಾವೂ ಇಲ್ಲದ ದಿನ ಆ ಮರ್ಯಾದೆಯನ್ನು ವಾಪಸು ತೆಗೆದುಕೊಳ್ಳುತ್ತಾರೆ. ಈ ಲೆಕ್ಕ ನಮಗೆ ಪುಸ್ತಕದಿಂದ ತಿಳಿದದ್ದಲ್ಲ. 1976ರ ಕಾಯ್ದೆ ಬರುವ ತನಕ, ಬಂದ ಮೇಲೂ, ನಮ್ಮ ತಾತಂದಿರು ಜೀತವಿದ್ದರು. ಬೆನ್ನು ನೆಟ್ಟಗಿರುವ ತನಕ ಒಡೆಯನ ಕೊಟ್ಟಿಗೆ, ಬಗ್ಗಿದ ಮೇಲೆ ಹಟ್ಟಿಯ ಮೂಲೆ. ನಾವು ನಾಯಿಗಳ ಹಾಗೆ ಅಂತ ಹೇಳುತ್ತಿಲ್ಲ. ಆ ಹೋಲಿಕೆ ಅವರದ್ದು, ಅವರೇ ಇಟ್ಟುಕೊಳ್ಳಲಿ. ಲೆಕ್ಕದ ಪುಸ್ತಕ ಒಂದೇ ಅಂತ ಹೇಳುತ್ತಿದ್ದೇವೆ, ಅಷ್ಟೇ.

ಹಾಗಾದರೆ ಪಿಂಕಿಯಂಥದ್ದಕ್ಕೆ ಮನೆ ಎಲ್ಲಿ? ಹುಡುಗರಲ್ಲಿ ಒಬ್ಬನ ಅವ್ವ, ನಸುಕಿಗೆ ಬೀದಿ ಗುಡಿಸಿ ಮಧ್ಯಾಹ್ನಕ್ಕೆ ಮನೆ ಸೇರುವಾಕೆ, ಅದನ್ನು ನೋಡಿ “ನಂಗ್ ಕೊಟ್ರೆ ಮಡಿಕ್ಕೋತೀನಿ” ಅಂದಳು. ಕೇಂದ್ರದವರು ಒಂದು ಫಾರಂ ತಂದರು. ಸ್ವಂತ ಮನೆಯೋ ಬಾಡಿಗೆಯೋ, ಕಾಂಪೌಂಡ್ ಇದೆಯೋ, ಮಾಲೀಕರ ಒಪ್ಪಿಗೆ ಪತ್ರ ಇದೆಯೋ, ತಿಂಗಳ ವರಮಾನ ಎಷ್ಟು. ಶೀಟಿನ ಒಂದು ಕೋಣೆ ಎಂದು ಬರೆಸಿದ ಮೇಲೆ ನಾಯಿ ಕೊಡಲಿಲ್ಲ. ನಾಯಿಯ ಕ್ಷೇಮಕ್ಕೆ ಅಂದರು.

ನಾಯಿಯ ಕ್ಷೇಮವನ್ನೇ ನೋಡೋಣ. ಮುದಿ ಸಣ್ಣ ನಾಯಿ ದಿನದ ಹೆಚ್ಚು ಹೊತ್ತು ನಿದ್ದೆ ಮಾಡುತ್ತದೆ. ಅದಕ್ಕೆ ಬೇಕಾದದ್ದು ಅಂಗಳವಲ್ಲ, ಬೆಚ್ಚಗಿನ ಮೂಲೆ. ಹಲ್ಲಿಲ್ಲದ ಬಾಯಿಗೆ ಮೆತ್ತಗೆ ಬೆಂದ ಅನ್ನ, ಉಪ್ಪು ಈರುಳ್ಳಿ ಹಾಕದೆ ಬೇಯಿಸಿದ ಒಂದಿಷ್ಟು ಕೋಳಿ. ಕಣ್ಣು ಹೋದ ನಾಯಿ ಸಾಮಾನುಗಳ ಜಾಗವನ್ನು ನೆನಪಿಟ್ಟುಕೊಂಡು ಓಡಾಡುತ್ತದೆ, ಹಾಗಾಗಿ ಒಂದೇ ಕೋಣೆಯಾದರೆ ಬೇಗ ಕಲಿಯುತ್ತದೆ. ಮೂರು ಬೆಡ್‌ರೂಮಿನ ಫ್ಲ್ಯಾಟಿಗೆ ಬೆಳಗ್ಗೆ ಬೀಗ ಬಿದ್ದರೆ ತೆಗೆಯುವುದು ರಾತ್ರಿಗೆ. ಈ ಮನೆಯಲ್ಲಾದರೆ, ಸಂಧ್ಯಾ ಸುರಕ್ಷಾದ ಹಣಕ್ಕೆ ದಾರಿ ನೋಡುತ್ತಾ ಅಜ್ಜಿ ಇಡೀ ದಿನ ಚಾಪೆಯ ಮೇಲೆ ಇರುತ್ತಾಳೆ.

ಔಷಧದ ಮಾತು ಬೇರೆ. ಹೃದಯದ ಗುಳಿಗೆ ಸಾಯುವ ತನಕ ದಿನಾ ನುಂಗಿಸಬೇಕು. ಅದರ ಖರ್ಚು ಗುಡಿಸುವವಳ ಸಂಬಳದಲ್ಲಿ ಏಳುವುದಿಲ್ಲ, ಇದನ್ನು ಮುಚ್ಚಿಟ್ಟು ಮಾತಾಡುವುದು ಮೋಸ. ಆದರೆ ಬೋನಿನಲ್ಲಿ ಇಟ್ಟುಕೊಂಡರೂ ಆ ಗುಳಿಗೆಯನ್ನು ಕೇಂದ್ರವೇ ಕೊಡಬೇಕಲ್ಲ? ಮನೆ ಅವ್ವನದು, ಗುಳಿಗೆ ನಿಮ್ಮದು ಎಂದು ನಾವು ಹೋಗಿ ಹೇಳಿದೆವು. ಜಾಗ ತೆರವಾದರೆ ಗೇಟಿಗೆ ಕಟ್ಟಿದ ಇನ್ನೊಂದಕ್ಕೆ ಬೋನು ಸಿಗುತ್ತದೆ. ಇದರಲ್ಲಿ ಯಾರೂ ಯಾರಿಗೂ ದಾನ ಮಾಡಿದಂತಾಗುವುದಿಲ್ಲ, ಅವರಿಗೆ ಕಷ್ಟವಾದದ್ದು ಬಹುಶಃ ಅದೇ. ಮೂರು ಸಲ ತಿರುಗಿದ ಮೇಲೆ, ಎರಡು ತಿಂಗಳು ನೋಡೋಣ, ಪ್ರತಿ ವಾರ ಬಂದು ಪರೀಕ್ಷೆ ಮಾಡುತ್ತೇವೆ ಅಂದರು. ಬನ್ನಿ, ಚಾ ಕುಡಿದು ಹೋಗಿ ಅಂದಳು ಅವ್ವ. ಮೊದಲ ವಾರ ಬಂದವರು ಬಾಗಿಲಲ್ಲೇ ನಿಂತು ನೋಡಿ ಹೋದರು. ಎರಡನೇ ವಾರ ಒಳಗೆ ಬಂದು ಕೂತರು, ಚಾ ಬೇಡ ಅಂದರು.

ಈಗ ಇರುವ ತಕರಾರು ಮನೆ ಮಾಲೀಕನದು. ಬಾಡಿಗೆಗೆ ಬಂದ ದಿನ ‘ನೀವು ಯಾವ ಜನ?’ ಎಂದು ಕೇಳಿ, ಉತ್ತರಕ್ಕೆ 500 ರೂಪಾಯಿ ಹೆಚ್ಚಿಗೆ ಹಾಕಿದ್ದವನು ಈಗ ನಾಯಿಯ ಲೆಕ್ಕ ತೆಗೆದಿದ್ದಾನೆ. “ಜಾತಿ ನಾಯಿ ಕಣಣ್ಣ ಇದು” ಅಂತ ಅವ್ವ ಅವನಿಗೆ ಹೇಳಿ ನೋಡಿದ್ದಾಳೆ.