ಯಾವುದು ಮೊದಲು?

ಓದುವ ಚಟವುಳ್ಳವನಿಗೆ ವಯಸ್ಸಾದಂತೆ ಒಂದು ಹೊಸ ಉದ್ಯೋಗ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಸಂಬಳವಿಲ್ಲ, ಗೌರವ ಮಾತ್ರ ಉಂಟು. ನೆಂಟರಿಷ್ಟರ ಮಕ್ಕಳು ಬಂದು, “ಏನು ಓದಲಿ? ಯಾವುದನ್ನು ಮೊದಲು ಓದಲಿ?” ಎಂದು ಕೇಳುತ್ತಾರೆ. ನಾನು ಕನ್ನಡಕವನ್ನು ಒರೆಸಿಕೊಂಡು, ಪಂಚಾಂಗ ಬಿಚ್ಚಿದ ಜೋಯಿಸರ ಗಾಂಭೀರ್ಯದಿಂದ ಉತ್ತರ ಹೇಳುತ್ತೇನೆ. ಹೀಗೆ ಹೇಳಿದ ಉತ್ತರಗಳಲ್ಲಿ ಹೆಚ್ಚಿನವನ್ನು ನಾನೂ ಮರೆತಿದ್ದೇನೆ, ಕೇಳಿದವರೂ ಮರೆತಿದ್ದಾರೆ. ಎರಡನ್ನು ಮಾತ್ರ ಮರೆಯಲಾಗಲಿಲ್ಲ. ಎರಡನ್ನೂ ಹೇಳಿದ್ದು ನನ್ನ ಸೋದರಸೊಸೆಗೆ. ಎರಡರಲ್ಲೂ ನಾನು ತಪ್ಪಿದೆ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು.

ಒಂದೇ ಪುಸ್ತಕದಲ್ಲಿ ಮುಗಿಯುವ ಕಥೆಗೆ ಈ ಪ್ರಶ್ನೆಯಿಲ್ಲ. ತೊಡಕು ಬರುವುದು ಮಾಲೆಯಾಗಿ ಬಂದ ಅದ್ಭುತ ಕಾದಂಬರಿಗಳಲ್ಲಿ. ಅವುಗಳನ್ನು ಬರೆಯುವವನು ಕಥೆಯ ಜೊತೆಗೆ ಒಂದು ಲೋಕವನ್ನೇ ಕಟ್ಟುತ್ತಾನೆ. ಲೋಕವೆಂದ ಮೇಲೆ ಅದಕ್ಕೆ ಸೃಷ್ಟಿಯುಂಟು, ರಾಜವಂಶಗಳುಂಟು, ಪ್ರಳಯವುಂಟು. ಬರೆಯುತ್ತ ಬರೆಯುತ್ತ ಅವನಿಗೇ ತನ್ನ ಲೋಕದ ಹಿಂದಿನ ಸಮಾಚಾರ ತಿಳಿಯಬೇಕೆಂಬ ಆಸೆಯಾಗುತ್ತದೆ. ಹಿಂದಕ್ಕೆ ಹೋಗಿ ಮೊದಲಿನ ಕಥೆಯನ್ನು ಕೊನೆಗೆ ಬರೆಯುತ್ತಾನೆ. ಆಗ ಎರಡು ಕ್ರಮಗಳು ಹುಟ್ಟುತ್ತವೆ: ಪುಸ್ತಕಗಳು ಬಂದ ಕ್ರಮ ಒಂದು, ಘಟನೆಗಳು ನಡೆದ ಕ್ರಮ ಇನ್ನೊಂದು.

ಸಿ. ಎಸ್. ಲೂಯಿಸ್ ಬರೆದ ನಾರ್ನಿಯಾ ಮಾಲೆಯನ್ನೇ ತೆಗೆದುಕೊಳ್ಳಿ. ಏಳು ಪುಸ್ತಕಗಳು, 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಬಂದವು. ಮೊದಲು ಬಂದದ್ದು “ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್”. ಅದರಲ್ಲಿ ಲೂಸಿಯೆಂಬ ಪುಟ್ಟ ಹುಡುಗಿ ಒಂದು ಬಟ್ಟೆಯ ಬೀರುವಿನೊಳಗೆ ಹೊಕ್ಕು, ತೂಗುಹಾಕಿದ ತುಪ್ಪಟದ ಕೋಟುಗಳನ್ನು ಸರಿಸಿಕೊಂಡು ಹೋಗುತ್ತಾಳೆ. ಕಾಲ ಕೆಳಗೆ ಏನೋ ತಣ್ಣಗೆ ಹತ್ತುತ್ತದೆ, ಮಂಜು! ಮುಂದೆ ನಡುಗಾಡಿನಲ್ಲಿ ಒಂದು ದೀಪದ ಕಂಬ ಉರಿಯುತ್ತಿದೆ. ಅದನ್ನು ಅಲ್ಲಿ ಯಾರು ನೆಟ್ಟರು? ಅವಳಿಗೂ ತಿಳಿಯದು, ನಮಗೂ ತಿಳಿಯದು. ಅದಕ್ಕೆ ಉತ್ತರ ಬಂದದ್ದು ಆರನೆಯ ಪುಸ್ತಕದಲ್ಲಿ, 1955ರ “ದಿ ಮೆಜಿಷಿಯನ್ಸ್ ನೆಫ್ಯೂ”ವಿನಲ್ಲಿ. ನಾರ್ನಿಯಾದ ಸೃಷ್ಟಿಯ ಕಥೆ ಅದು. ಕಥೆಯ ಕಾಲಕ್ಕೆ ಅದೇ ಮೊದಲು. 1994ರಲ್ಲಿ ಅಮೆರಿಕದ ಹಾರ್ಪರ್‌ಕಾಲಿನ್ಸ್ ಪ್ರಕಾಶಕರು ಪುಸ್ತಕಗಳಿಗೆ ಈ ಕಾಲಕ್ರಮದಂತೆಯೇ ಸಂಖ್ಯೆ ಹಾಕಿದರು. ಅಲ್ಲಿಂದ ಓದುಗರಲ್ಲಿ ಎರಡು ಪಂಗಡಗಳಾಗಿ ನಡೆದ ವಾದ ಇನ್ನೂ ನಿಂತಿಲ್ಲ.

ಲೂಯಿಸ್ ಇದಕ್ಕೆ ಮೊದಲೇ ಒಂದು ಮಾತು ಹೇಳಿದ್ದರು. 1957ರಲ್ಲಿ ಅಮೆರಿಕದ ಒಬ್ಬ ಹುಡುಗ ಅವರಿಗೆ ಕಾಗದ ಬರೆದಿದ್ದ. ಕಾಲಕ್ರಮದಲ್ಲಿ ಓದಬೇಕೆಂದು ಹುಡುಗನ ಪಕ್ಷ. ಬಂದ ಕ್ರಮವೇ ಸರಿಯೆಂದು ತಾಯಿಯ ಪಕ್ಷ. ಲೂಯಿಸ್ ಉತ್ತರ ಬರೆದು ಹುಡುಗನ ಕಡೆ ನಿಂತರು. ಆದರೆ ಮೊದಲನೆಯದನ್ನು ಬರೆದಾಗ ಮುಂದೆ ಬರೆಯುವೆನೆಂದು ತಮಗೇ ತಿಳಿದಿರಲಿಲ್ಲವೆಂದೂ, ಬಹುಶಃ ಕ್ರಮ ಅಷ್ಟು ಮುಖ್ಯವಲ್ಲವೆಂದೂ ಸೇರಿಸಿದರು. ಲೇಖಕರೇ ಹೀಗೆ ಹೇಳಿದ ಮೇಲೂ ನಾನು ತಾಯಿಯ ಪಕ್ಷದಲ್ಲಿಯೇ ಇದ್ದೇನೆ. ಕಾರಣ ಹೇಳುತ್ತೇನೆ.

ನಮ್ಮ ಮೀಮಾಂಸಕರು ಕ್ರಮದ ವಿಚಾರವನ್ನು ಬಹಳ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ವೇದದಲ್ಲಿ ಒಂದು ಕಡೆ ಮೊದಲು ಅಗ್ನಿಹೋತ್ರವನ್ನು ಹೋಮ ಮಾಡುವ ಮಾತು, ಆಮೇಲೆ ಗಂಜಿ ಬೇಯಿಸುವ ಮಾತು ಬರುತ್ತದೆ. ಬೇಯಿಸುವ ಗಂಜಿಯೋ ಆ ಹೋಮಕ್ಕೇ ಬೇಕಾದದ್ದು. ಹೋಮವಾದ ಮೇಲೆ ಬೇಯಿಸಿ ಏನು ಮಾಡುವುದು? ಆದ್ದರಿಂದ ಪಾಠಕ್ರಮಕ್ಕಿಂತ ಅರ್ಥಕ್ರಮವೇ ಬಲವತ್ತರವೆಂದು ಅವರು ತೀರ್ಮಾನಿಸಿದರು. ಇಲ್ಲಿ ಅರ್ಥವೆಂದರೆ ಪ್ರಯೋಜನ. ಕಾಲಕ್ರಮದ ಪಕ್ಷದವರು ಈ ನ್ಯಾಯ ತಮ್ಮ ಕಡೆಗಿದೆಯೆಂದುಕೊಳ್ಳಬಹುದು: ಸೃಷ್ಟಿ ಮೊದಲು, ಸ್ಥಿತಿ ಆಮೇಲೆ. ಆದರೆ ನಾವು ನಾರ್ನಿಯಾಕ್ಕೆ ಹೋಗುವುದು ಅಲ್ಲಿನ ಚರಿತ್ರೆಯ ಪರೀಕ್ಷೆಗೆ ಕೂಡುವುದಕ್ಕಲ್ಲ. ಅಲ್ಲಿನ ಪ್ರಯೋಜನ ವಿಸ್ಮಯ. ಬೀರುವಿನ ಹಿಂದೆ ಏನಿದೆಯೆಂದು ಲೂಸಿಯಂತೆ ನಮಗೂ ತಿಳಿಯದಿದ್ದರೇ ಆ ಹೋಮಕ್ಕೆ ಗಂಜಿ ಬೆಂದ ಹಾಗೆ.

ನನ್ನ ಮಿತ್ರರೊಬ್ಬರು ಲೆಕ್ಕಪತ್ರದ ಕೆಲಸದಲ್ಲಿ ತಲೆ ನರೆಸಿಕೊಂಡವರು. ಟೋಲ್ಕಿನ್ ಅವರನ್ನು ಓದಬೇಕೆಂದು ಹೊರಟು, ಆರಂಭದ ಶಿಲ್ಕು ಇಲ್ಲದೆ ಯಾವ ಲೆಕ್ಕವೂ ಶುರುವಾಗಬಾರದೆಂಬ ತತ್ತ್ವದಂತೆ “ದಿ ಸಿಲ್ಮರಿಲಿಯನ್” ಅನ್ನು ಮೊದಲು ಹಿಡಿದರು. ಆ ಲೋಕದ ಸೃಷ್ಟಿ ಅಲ್ಲಿದೆ, ನಿಜ. ಆದರೆ ಟೋಲ್ಕಿನ್ 1973ರಲ್ಲಿ ತೀರಿಕೊಂಡ ಮೇಲೆ ಅವರ ಮಗ ಹಸ್ತಪ್ರತಿಗಳನ್ನು ಕೂಡಿಸಿ 1977ರಲ್ಲಿ ತಂದ ಗ್ರಂಥ ಅದು. ಒಬ್ಬನನ್ನು ಗುರುತಿಸುವಷ್ಟರಲ್ಲಿ ಹತ್ತು ಹೆಸರು ದಾಟಿಹೋಗುತ್ತವೆ. ಮಿತ್ರರು ನಲವತ್ತು ಪುಟಕ್ಕೆ ಸುಸ್ತಾಗಿ, “ನಿಮ್ಮ ಟೋಲ್ಕಿನ್ ನನಗೆ ಬೇಡ ಸ್ವಾಮಿ” ಎಂದು ಕೈಮುಗಿದರು. 1937ರ “ದಿ ಹಾಬಿಟ್”, ಆಮೇಲೆ 1954–55ರಲ್ಲಿ ಮೂರು ಸಂಪುಟಗಳಾಗಿ ಬಂದ “ದಿ ಲಾರ್ಡ್ ಆಫ್ ದಿ ರಿಂಗ್ಸ್”, ಇನ್ನೂ ಹಸಿವಿದ್ದರೆ ಕೊನೆಗೆ “ದಿ ಸಿಲ್ಮರಿಲಿಯನ್” ಎಂದು ಅವರಿಗೆ ಯಾರೂ ಹೇಳಿರಲಿಲ್ಲ. “ಹಾಬಿಟ್”ನಲ್ಲಿ ಸಿಕ್ಕ ಉಂಗುರ ತೊಟ್ಟವರನ್ನು ಮರೆಮಾಡುವ ಒಂದು ಮಾಯದ ಉಂಗುರ, ಅಷ್ಟೆ. ಮುಂದಿನ ಕಥೆಯಲ್ಲಿ ಅದು ಲೋಕವನ್ನೇ ನುಂಗಬಲ್ಲದ್ದಾಗಿ ಬೆಳೆದಾಗ ಟೋಲ್ಕಿನ್ ಹಿಂದಕ್ಕೆ ಬಂದು, 1951ರ ಮುದ್ರಣದಲ್ಲಿ ಹಳೆಯ ಪುಸ್ತಕದ ಒಂದು ಅಧ್ಯಾಯವನ್ನೇ ತಿದ್ದಿ ಬರೆದರು. ಕಟ್ಟಿದವನಿಗೇ ತಾನು ಮೊದಲು ಏನು ಕಟ್ಟಿದೆನೆಂಬುದು ಕೊನೆಗೆ ತಿಳಿಯುತ್ತದೆ.

ಇದೆಲ್ಲ ವಾದ. ವಾದದಲ್ಲಿ ಗೆದ್ದವನು ಮನೆಯಲ್ಲಿ ಹೇಗೆ ನಡೆದುಕೊಂಡನೆಂಬುದನ್ನೂ ಹೇಳಬೇಕಷ್ಟೆ.

1998ರಲ್ಲಿ ನನ್ನ ತಂಗಿಯ ಮಗಳಿಗೆ ಹತ್ತು ವರ್ಷ. ಬೇಸಗೆ ರಜಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಅವಳಿಗೆಂದು ನಾರ್ನಿಯಾದ ಏಳೂ ಪುಸ್ತಕಗಳನ್ನು ತಂದೆ. ಬೆನ್ನಿನ ಮೇಲೆ ಹೊಸ ಸಂಖ್ಯೆಗಳಿದ್ದವು. “ಒಂದು” ಎಂದು ಬರೆದಿದ್ದ “ಮೆಜಿಷಿಯನ್ಸ್ ನೆಫ್ಯೂ”ವನ್ನು ಮೆಲ್ಲನೆ ತೆಗೆದು ನನ್ನ ಬೀರುವಿನಲ್ಲಿ ಪಂಚೆಗಳ ಹಿಂದೆ ಇಟ್ಟೆ. ಅವಳು ಎಣಿಸಿದಳು.

“ಮಾವ, ಒಂದನೇದು ಎಲ್ಲಿ?”

“ಅಂಗಡಿಯಲ್ಲಿ ಇರಲಿಲ್ಲಮ್ಮ. ನೀನು ಎರಡರಿಂದ ಶುರುಮಾಡು, ಏನೂ ತೊಂದರೆಯಿಲ್ಲ” ಎಂದೆ.

ಸುಳ್ಳು ಹೇಳಿದ್ದು ಅವಳ ಒಳ್ಳೆಯದಕ್ಕೇ ಎಂದು ಸಮಾಧಾನ ಮಾಡಿಕೊಂಡೆ. ಹಿರಿಯರು ಕಿರಿಯರಿಗೆ ಹೇಳುವ ಸುಳ್ಳುಗಳೆಲ್ಲ ಈ ಜಾತಿಯವೇ. ಮರುದಿನ ಮಧ್ಯಾಹ್ನ ನಾನು ಒರಗಿದ್ದಾಗ ಬೀರುವಿನ ಬಾಗಿಲು ಕಿರುಗುಟ್ಟಿತು. ಎದ್ದು ನೋಡಿದರೆ ಹುಡುಗಿ ಪಂಚೆಗಳ ನಡುವೆ ಕೈಹಾಕಿ ಪುಸ್ತಕವನ್ನು ಎಳೆದುಕೊಂಡಿದ್ದಳು. ಅವಳು ಏನೂ ಹೇಳಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿ, ಪುಸ್ತಕವನ್ನು ಎದೆಗವಚಿಕೊಂಡು ಹೊರಟುಹೋದಳು. ಆ ನೋಟ ಇನ್ನೂ ನೆನಪಿದೆ.

ಅವಳು ಒಂದರಿಂದಲೇ ಓದಿದಳು. ಎರಡನೆಯದಕ್ಕೆ ಬಂದಾಗ ನಾನು ಮರೆಯಲ್ಲಿ ನಿಂತು ಮುಖವನ್ನೇ ಗಮನಿಸುತ್ತಿದ್ದೆ. ಲೂಸಿ ಬೀರುವನ್ನು ಹೊಕ್ಕಳು, ಮಂಜು ಬಂತು, ದೀಪದ ಕಂಬ ಬಂತು. ಹುಡುಗಿ ಕುರ್ಚಿಯಿಂದ ಜಿಗಿದಳು. “ಮಾವ! ಅದು ಆ ಕಬ್ಬಿಣದ ತುಂಡು! ರಾಣಿ ಲಂಡನ್ನಿನಿಂದ ಕಿತ್ತು ತಂದು ಎಸೆದಳಲ್ಲ, ಅದು ಇಷ್ಟು ವರ್ಷವಾದರೂ ಇನ್ನೂ ಉರಿಯುತ್ತಿದೆ!” ನಾನು ಅವಳಿಗಾಗಿ ಕಾದಿಟ್ಟಿದ್ದ ವಿಸ್ಮಯ ಅವಳಿಗೆ ಸಿಗಲಿಲ್ಲ. ಅದರ ಬದಲು, ಊರು ಬಿಟ್ಟು ಹೋದವನು ಎಷ್ಟೋ ವರ್ಷಕ್ಕೆ ತಿರುಗಿ ಬಂದು ತಾನು ನೆಟ್ಟ ಗಿಡ ಮರವಾಗಿರುವುದನ್ನು ಕಂಡ ಸಂತೋಷ ಸಿಕ್ಕಿತ್ತು. ಅದು ನನಗೆ ಎಂದೂ ಸಿಕ್ಕಿರಲಿಲ್ಲ. ನಾನು ಆ ಕಂಬವನ್ನು ಮೊದಲು ಕಂಡು, ಬೀಜವನ್ನು ಆಮೇಲೆ ಕಂಡವನು.

ಅಚ್ಚರಿ ಒಂದು ಸುಖ, ಗುರುತು ಇನ್ನೊಂದು ಸುಖ. ನಮ್ಮ ಹಿರಿಯರು ಇದನ್ನು ಪ್ರತ್ಯಭಿಜ್ಞೆಯೆಂದರು. ಮಹಾಭಾರತ ನಮಗೆ ಕೊಡುವುದು ಹೆಚ್ಚಾಗಿ ಈ ಎರಡನೆಯದನ್ನೇ. ಅದು ಆರಂಭವಾಗುವುದೇ ಯುದ್ಧ ಮುಗಿದು ತಲೆಮಾರುಗಳು ಕಳೆದ ಮೇಲೆ: ನೈಮಿಷಾರಣ್ಯದಲ್ಲಿ ಸೂತಪುತ್ರ ಹೇಳುತ್ತಾನೆ, ಅರ್ಜುನನ ಮರಿಮಗ ಜನಮೇಜಯನ ಸರ್ಪಯಾಗದಲ್ಲಿ ತಾನು ಕೇಳಿದ ಕಥೆಯನ್ನು. ವಂಶ ಉಳಿಯಿತೆಂಬುದು ನಮಗೆ ಮೊದಲೇ ತಿಳಿಯಿತು. ನಮ್ಮ ಹಳ್ಳಿಗಳಲ್ಲಂತೂ ಮಳೆ ಹೋದ ವರ್ಷ ನೇರವಾಗಿ ವಿರಾಟಪರ್ವವನ್ನೇ ಓದಿಸುತ್ತಿದ್ದರು. ಆದಿಪರ್ವ ಆಗಿಲ್ಲವಲ್ಲ ಎಂದು ಯಾರೂ ತಕರಾರು ಮಾಡಿದ್ದಿಲ್ಲ. ಬೃಹನ್ನಳೆ ಯಾರೆಂದು ತಿಳಿದಿದ್ದರಿಂದಲೇ ಉತ್ತರಕುಮಾರನ ಬಡಾಯಿಗೆ ಅಷ್ಟು ನಗು.

ಹಾಗಾದರೆ ಕ್ರಮವೇ ಬೇಡವೆ? ಹಾಗೂ ಹೇಳಲಾರೆ. ಅರಿಯದಿರುವುದೂ ಒಂದು ಆಸ್ತಿ. ಒಮ್ಮೆ ಖರ್ಚಾದರೆ ಮತ್ತೆ ಗಳಿಸಲು ಬರುವುದಿಲ್ಲ. ಕೊನೆಯನ್ನು ಬಲ್ಲ ನಾನು ಮೈನರ್ ಮಗುವಿನ ಆಸ್ತಿಗೆ ಗಾರ್ಡಿಯನ್ ಇದ್ದಂತೆ. ನಾನಾಗಿ ಅದನ್ನು ಖರ್ಚು ಮಾಡಬಾರದು. ಅಂದರೆ, ಮುಂದೇನಾಯಿತೆಂದು ಬಾಯಿ ಬಿಡಬಾರದು. ಕೇಳಿದರೆ ದಾರಿ ಹೇಳಬಹುದು. ಆದರೆ ಗಾರ್ಡಿಯನ್‌ಗೆ ಇನ್ನೊಂದು ಕರ್ತವ್ಯವಿದೆ: ಮಗು ಪ್ರಾಪ್ತವಯಸ್ಸಿಗೆ ಬಂದ ದಿನ ಬೀಗದ ಕೈ ಒಪ್ಪಿಸುವುದು. ಇದನ್ನು ನಾನು ಮರೆತೆ. ಎರಡನೆಯ ತಪ್ಪು ಇದೇ.

ಅವಳು ಹೈಸ್ಕೂಲಿನಲ್ಲಿದ್ದಾಗ ಅರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಪುಸ್ತಕಗಳನ್ನು ಕೊಟ್ಟೆ. “ಎ ವಿಝರ್ಡ್ ಆಫ್ ಅರ್ಥ್‌ಸೀ” 1968ರದು. ಅದರ ಹಿಂದೆ 1971ರಲ್ಲಿ “ದಿ ಟೂಂಬ್ಸ್ ಆಫ್ ಅಟುವಾನ್”, 1972ರಲ್ಲಿ “ದಿ ಫಾರ್ದೆಸ್ಟ್ ಶೋರ್”. ಗೆಡ್ ಎಂಬ ಮಂತ್ರವಾದಿ ತನ್ನ ನೆರಳನ್ನೇ ಎದುರಿಸಿ, ಕೊನೆಗೆ ಮೃತ್ಯುವಿನ ಸೀಮೆಯವರೆಗೆ ಹೋಗಿಬರುವ ಕಥೆ. ಹದಿನೆಂಟು ವರ್ಷ ಬಿಟ್ಟು, 1990ರಲ್ಲಿ ಲೆ ಗ್ವಿನ್ ನಾಲ್ಕನೆಯದನ್ನು ಬರೆದರು, “ಟೆಹಾನು”. ಅದರಲ್ಲಿ ಗೆಡ್‌ಗೆ ಶಕ್ತಿಯೆಲ್ಲ ಹೋಗಿದೆ. ಕಥೆಯ ನಡುವೆ ಇರುವವಳು ಟೆನಾರ್. ನಡುವಯಸ್ಸಿನ ವಿಧವೆ, ಬೆಂಕಿಯಲ್ಲಿ ಸುಟ್ಟ ಒಂದು ಮಗುವನ್ನು ಸಾಕುತ್ತಾಳೆ. ಆಡು ಕಾಯುವುದು, ಗಾಯಕ್ಕೆ ಮದ್ದು ಹಾಕುವುದು, ಭಯಪಡುವುದು, ಇವೇ ಅಲ್ಲಿನ ಸಾಹಸಗಳು. ನನಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ನನ್ನ ಮಂತ್ರವಾದಿಯನ್ನು ಯಾರೋ ನನ್ನಿಂದ ಕಿತ್ತುಕೊಂಡಂತಾಯಿತು. “ಮೂರಕ್ಕೇ ನಿಲ್ಲಿಸಮ್ಮ. ನಾಲ್ಕನೆಯದು ಬೇಡ” ಎಂದೆ. ಬೀರುವಿನ ಪ್ರಸಂಗ ಆಗಿಹೋಗಿದ್ದರೂ ಈ ಸಲ ಅವಳು ನನ್ನ ಮಾತು ನಂಬಿದಳು.

ಹದಿನೈದು ವರ್ಷವಾದ ಮೇಲೆ ನನ್ನ ತಂಗಿ ಹಾಸಿಗೆ ಹಿಡಿದಳು. ಮಗಳು ಕೆಲಸಕ್ಕೆ ರಜಾ ಹಾಕಿ, ಕೈಗೂಸನ್ನು ಕಟ್ಟಿಕೊಂಡು ಏಳು ತಿಂಗಳು ಆರೈಕೆ ಮಾಡಿದಳು. ತಂಗಿ ಉಳಿಯಲಿಲ್ಲ. ವೈಕುಂಠಸಮಾರಾಧನೆ ಮುಗಿದ ಸಾಯಂಕಾಲ ಅವಳು ನನ್ನ ಪಕ್ಕ ಬಂದು ಕುಳಿತು, “ಮಾವ, ರಾತ್ರಿಯೆಲ್ಲ ಎಚ್ಚರವಿರಬೇಕಾಗಿತ್ತಲ್ಲ, ಆಗ ‘ಟೆಹಾನು’ ಓದಿದೆ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಯಾಕೆ ಬೇಡ ಅಂದಿರಿ?” ಎಂದು ಕೇಳಿದಳು.

ಅದರಲ್ಲಿ ಕೋಪವಿರಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ. ನಿನ್ನ ವಯಸ್ಸಿಗೆ ಅದು ಸಲ್ಲದೆಂದು ಹೇಳಿದ್ದೆ ಎನ್ನಬಹುದಾಗಿತ್ತು. ಅದು ನಿಜವಲ್ಲ. ನನಗೆ ಸಲ್ಲದ್ದನ್ನು ಯಾರಿಗೂ ಸಲ್ಲದೆಂದು ತೀರ್ಪು ಕೊಟ್ಟಿದ್ದೆ. ರೋಗಿಯ ಮಗ್ಗುಲಲ್ಲಿ ರಾತ್ರಿ ಕಳೆಯುವ ಹೆಂಗಸೊಬ್ಬಳಿಗೆ ಶಕ್ತಿಯಿಲ್ಲದವರ ಧೈರ್ಯದ ಕಥೆ ಬೇಕಾದೀತೆಂಬುದು ಆರಾಮಕುರ್ಚಿಯಲ್ಲಿ ಓದಿದ ನನಗೆ ಹೊಳೆದಿರಲಿಲ್ಲ. ಲೆ ಗ್ವಿನ್ ಆ ಪುಸ್ತಕದ ಮೇಲೆ ಅರ್ಥ್‌ಸೀಯ ಕೊನೆಯ ಪುಸ್ತಕವೆಂದು ಅಚ್ಚು ಹಾಕಿಸಿದ್ದರು. ಆಮೇಲೆ 2001ರಲ್ಲಿ ಇನ್ನೆರಡನ್ನು ಬರೆದರು. ಬರೆದವರೇ ತಮ್ಮ “ಕೊನೆ”ಯನ್ನು ಬದಲಿಸಿಕೊಂಡರು; ನಾನು ಮಾತ್ರ ಹದಿನೈದು ವರ್ಷ ನನ್ನ ತೀರ್ಪನ್ನು ಒಮ್ಮೆಯೂ ಬಿಚ್ಚಿ ನೋಡಲಿಲ್ಲ.

“ಇದು ಮೊದಲು” ಎನ್ನುವುದಕ್ಕೂ “ಇದು ಬೇಡ” ಎನ್ನುವುದಕ್ಕೂ ಎಷ್ಟು ಅಂತರವೆಂದು ಆಗ ತಿಳಿಯಿತು. ಮೊದಲನೆಯ ಮಾತು ತಪ್ಪಾದರೆ ಓದುವವರು ತಾವೇ ಸರಿಮಾಡಿಕೊಳ್ಳುತ್ತಾರೆ. ಹತ್ತು ವರ್ಷದ ಹುಡುಗಿ ಕಂಬದ ಕೆಳಗೆ ತನ್ನ ಸಂತೋಷವನ್ನು ತಾನೇ ಹುಡುಕಿಕೊಳ್ಳಲಿಲ್ಲವೆ? ಎರಡನೆಯದು ತಪ್ಪಾದರೆ ತಪ್ಪೆಂದು ತಿಳಿಯುವ ದಾರಿಯೇ ಇಲ್ಲ. ಓದದ ಪುಸ್ತಕ ಬಂದು ಸಾಕ್ಷಿ ಹೇಳುವುದಿಲ್ಲ. ನನ್ನನ್ನು ನಂಬುವವರಿಗೆ ನಾನು ಮಾಡಬಹುದಾದ ಅನ್ಯಾಯ ನಂಬದವರಿಗೆ ಮಾಡಬಹುದಾದುದಕ್ಕಿಂತ ಹೆಚ್ಚು.

ಈಗಲೂ ಕೇಳಿದರೆ ಹೇಳುತ್ತೇನೆ. ನಾರ್ನಿಯಾವನ್ನು ಬಂದ ಕ್ರಮದಲ್ಲಿ ಓದಿ. ಟೋಲ್ಕಿನ್ ಆದರೆ “ಹಾಬಿಟ್”ನಿಂದ ಹೊರಡಿ. ಅರ್ಥ್‌ಸೀಯನ್ನೂ ಬಂದ ಕ್ರಮದಲ್ಲಿಯೇ, ಆರನ್ನೂ ಓದಿ. ನಾಲ್ಕನೆಯದು ರುಚಿಸದಿದ್ದರೆ ಎಸೆಯಬೇಡಿ, ಕೆಲವು ವರ್ಷ ಎತ್ತಿಡಿ. ಟೆರಿ ಪ್ರಾಟ್ಚೆಟ್ ಅವರ ಡಿಸ್ಕ್‌ವರ್ಲ್ಡ್ ನಲವತ್ತೊಂದು ಕಾದಂಬರಿಗಳ ಸಂತೆ. ಸಂತೆಗೆ ಯಾವ ಬೀದಿಯಿಂದ ಹೊಕ್ಕರೂ ಆದೀತು, “ಮಾರ್ಟ್” ಒಂದು ಒಳ್ಳೆಯ ಬೀದಿ. ಇಷ್ಟು ಹೇಳಿ, “ಇದು ನಾನು ನಡೆದ ದಾರಿ” ಎಂದು ಸೇರಿಸುತ್ತೇನೆ. ಹಿಂದೆ ಈ ಕೊನೆಯ ಮಾತನ್ನು ಹೇಳುತ್ತಿರಲಿಲ್ಲ.

ಹೋದ ತಿಂಗಳು ಅವಳ ಮಗ ಬಂದಿದ್ದ. ಅವನಿಗೆ ಈಗ ಒಂಬತ್ತು. ಅದೇ ಏಳು ಪುಸ್ತಕಗಳು ಬೀರುವಿನಿಂದ ಇಳಿದು ಕೆಳಗಿನ ಗೂಡಿನಲ್ಲಿ ಕುಳಿತಿವೆ. “ಯಾವುದು ಮೊದಲು, ತಾತ?” ಎಂದ. “ನಾನು ಇದನ್ನು ಮೊದಲು ಓದಿದೆ, ನಿಮ್ಮಮ್ಮ ಅದನ್ನು” ಎಂದು ಎರಡನ್ನೂ ತೋರಿಸಿದೆ. ಅವನು ಎರಡನ್ನೂ ತಿರುವಿ ನೋಡಿ, ಹೊದಿಕೆಯ ಮೇಲೆ ಹಡಗಿನ ಚಿತ್ರವಿದ್ದ ಇನ್ನೊಂದನ್ನು ತೆಗೆದುಕೊಂಡ. ಅದು ಬಂದ ಕ್ರಮದಲ್ಲಿ ಮೂರನೆಯದು, ಕಾಲಕ್ರಮದಲ್ಲಿ ಐದನೆಯದು. ಯಾರ ಪಕ್ಷಕ್ಕೂ ಸೇರಿದ್ದಲ್ಲ. ನನ್ನ ನಾಲಗೆಯ ತುದಿಗೆ ಒಂದು ಮಾತು ಬಂತು.

“ದೀಪ ಹಾಕಿಕೊಂಡು ಓದಪ್ಪ” ಎಂದೆ.